ಶಾಂತೆಲೂ ಪಗೋಡ: ಚೀನಾದ ಹೆಸರಲ್ಲಿ ಫ್ರೆಂಚರ ಶೋಕಿ?

ಊರುಬಿಟ್ಟವನು
ಫ್ರಾನ್ಸಿನ ಲ್ವಾರ್ ನದಿ ಪಕ್ಕ ಅಂಬ್ವಾಸ್ ಅಂತ ಒಂದು ಊರು. ಅದರ ಹೊರಗೆ ಶಾಂತೆಲೂ ಪಗೋಡ, ಅಂದರೆ ಚೀನೀ ಬೌದ್ಧ ಗೋಪುರದ ಆಕಾರದ ಕಟ್ಟಡ, ನಿಂತಿದೆ. ಏಳು ಅಂತಸ್ತು, 44 ಮೀಟರ್ ಎತ್ತರ. ಕಟ್ಟಿಸಿದವನು 15ನೇ ಲೂಯಿಯ ಮಂತ್ರಿಯಾಗಿದ್ದ ಶ್ವಾಜಲ್ ಡ್ಯೂಕ್. 1770ರ ಡಿಸೆಂಬರ್‌ನಲ್ಲಿ ರಾಜ ಅವನನ್ನು ಕಿತ್ತುಹಾಕಿ ಅವನದೇ ಎಸ್ಟೇಟಿಗೆ ಅಟ್ಟಿದ. ರಾಜನ ಸಿಟ್ಟಿಗೆ ಹೆದರದೆ ಅಲ್ಲಿಗೂ ನೋಡಲು ಬಂದ ಸ್ನೇಹಿತರಿಗೆ ಕೃತಜ್ಞತೆ ಅಂತ 1775ರಿಂದ 1778ರೊಳಗೆ ಇದನ್ನು ಎಬ್ಬಿಸಿದ. ನಕ್ಷೆ ಲ ಕಾಮು ಎಂಬ ವಾಸ್ತುಶಿಲ್ಪಿಯದು.

ನನ್ನ ಮಾತು ಇಷ್ಟೇ. ಇದರಲ್ಲಿ ಚೀನಾ ಇರುವುದು ದೂರದಿಂದ ಕಾಣುವ ಆಕಾರದಲ್ಲಿ ಮಾತ್ರ. ಹತ್ತಿರ ಹೋದರೆ ಬುಡದಲ್ಲಿ ರೋಮನ್ ಗುಡಿಗೆ ಇರುವಂಥ ಕಂಬಸಾಲು. ಒಳಗೆ ಕಲ್ಲಿನ ಕಮಾನು ಚಾವಣಿ. ಬುದ್ಧನೂ ಇಲ್ಲ, ಗಂಟೆಯೂ ಇಲ್ಲ. 18ನೇ ಶತಮಾನದ ಫ್ರಾನ್ಸಿನಲ್ಲಿ ಗೋಡೆ, ಬೀರು, ತಟ್ಟೆ, ತೋಟ ಎಲ್ಲದಕ್ಕೂ ಹಚ್ಚಿದ ಈ ಚೀನೀ ಧಾಟಿಗೆ ಶಿನ್ವಾಜರಿ ಅನ್ನುತ್ತಾರೆ. ನನ್ನ ಕಣ್ಣಿಗೆ ಇದು ದುಡ್ಡಿದ್ದವರ ಶೋಕಿ. ಚೀನಾ ಗೊತ್ತಿಲ್ಲದವರು ಚೀನಾ ಅಂತ ಆಡಿದ ನಾಟಕ. ಯಾರಾದರೂ ಒಪ್ಪದಿದ್ದರೆ ಹೇಳಿ.

ಹಿತ್ತಲಗಿಡ
"ಚೀನಾ ಗೊತ್ತಿಲ್ಲದವರು" ಅನ್ನೋದು ಪೂರ್ತಿ ತಪ್ಪು ಸರ್. ಜಾನ್ ದನಿ ಆತಿರೆ ಅಂತ ಒಬ್ಬ ಫ್ರೆಂಚ್ ಮಿಷನರಿ, ಚಿತ್ರಕಾರ. ಬೀಜಿಂಗ್‌ನಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿಯ ಅರಮನೆಯಲ್ಲೇ ಕೆಲಸ ಮಾಡುತ್ತಿದ್ದ. ಚಕ್ರವರ್ತಿಯ ಯುವಾನ್‌ಮಿಂಗ್‌ಯುವಾನ್ ತೋಟವನ್ನು ಕಣ್ಣಾರೆ ನೋಡಿ 1743ರಲ್ಲಿ ಉದ್ದದ ಪತ್ರ ಬರೆದ. 1749ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾಯಿತು. ದಾರಿ ನೇರ ಇರುವುದಿಲ್ಲ, ತಿರುಗುತ್ತಾ ಹೋಗುತ್ತದೆ, ಒಂದು ಮಂಟಪದಿಂದ ಇನ್ನೊಂದು ಕಾಣುವುದಿಲ್ಲ, ಬೇಕೆಂದೇ ಸಮವಾಗಿ ಜೋಡಿಸಿಲ್ಲ ಅಂತೆಲ್ಲ ವಿವರ ಕೊಟ್ಟಿದ್ದಾನೆ. ಮೂರೇ ವರ್ಷಕ್ಕೆ ಅದು ಇಂಗ್ಲಿಷಿಗೂ ಹೋಯಿತು. ವರ್ಸೈ ಅರಮನೆಯ ಗೆರೆ ಎಳೆದ ತೋಟ ನೋಡಿ ಬೇಜಾರಾಗಿದ್ದ ಜನ ಅದನ್ನು ಓದಿ ತೋಟದ ರೀತಿಯನ್ನೇ ಬದಲಾಯಿಸಿದರು. ಇದು ನಾಟಕವಾ?

ಊರುಬಿಟ್ಟವನು
ಒಬ್ಬ ಮಿಷನರಿ ನೋಡಿದ. ಉಳಿದವರು ಅವನ ಪತ್ರ ಓದಿದರು. ಅಲ್ಲಿಗೆ ಫ್ರಾನ್ಸಿಗೆಲ್ಲ ಚೀನಾ ಗೊತ್ತಾಯಿತು ಅನ್ನುತ್ತೀರಾ? ಶ್ವಾಜಲ್ ಚೀನಾಕ್ಕೆ ಹೋಗಿರಲಿಲ್ಲ. ಲಂಡನ್‌ನ ಕ್ಯೂ ತೋಟದಲ್ಲಿ 1762ರಲ್ಲಿ ಎದ್ದ ಪಗೋಡ ಆಗಲೇ ಹೆಸರು ಮಾಡಿತ್ತು. ಶಾಂತೆಲೂ ಅದರ ತಮ್ಮ ಅಷ್ಟೇ.

ಹಿತ್ತಲಗಿಡ
ಕ್ಯೂ ಪಗೋಡ ಕಟ್ಟಿದ ವಿಲಿಯಂ ಚೇಂಬರ್ಸ್ ಸ್ವೀಡನ್ನಿನ ಕಂಪನಿ ಹಡಗಿನಲ್ಲಿ ಚೀನಾದ ಕ್ಯಾಂಟನ್‌ಗೆ ಹೋಗಿ ಬಂದವನು ಸರ್. ಅಲ್ಲಿ ಕಟ್ಟಡಗಳ ಚಿತ್ರ ಬರೆದುಕೊಂಡು 1757ರಲ್ಲಿ ಪುಸ್ತಕವನ್ನೇ ತಂದ. ಅಣ್ಣನಿಗೆ ಚೀನಾ ಗೊತ್ತಿತ್ತು ಅಂತಾಯ್ತಲ್ಲ.

ಕೆಂಪುಮಸಿ
ಇಬ್ಬರೂ ತೋಟದಲ್ಲೇ ಸುತ್ತುತ್ತಿದ್ದೀರಿ. ಮನೆಯೊಳಗೆ ಬನ್ನಿ. ಶಾಂತಿಯಿ ಕೋಟೆಯಲ್ಲಿ ಕ್ರಿಸ್ತಾಫ್ ಹ್ಯುಎ 1737ರಲ್ಲಿ ಬರೆದ ದೊಡ್ಡ ಕೋಣೆ ಇದೆ. ಬಿಳಿ ಹಲಗೆ, ಚಿನ್ನದ ಬಳ್ಳಿ, ಅದರ ನಡುವೆ ಚೀನೀ ಪೋಷಾಕು ತೊಟ್ಟ ಕೋತಿಗಳು. ಕೋತಿ ಮತ್ತು ಚೀನೀಯರು ಒಂದೇ ಹಲಗೆಯ ಮೇಲೆ. ಒಂದು ಇಡೀ ನಾಗರಿಕತೆಯನ್ನು ಕೋತಿಗಳ ಜೊತೆ ಗೋಡೆಗೆ ಅಂಟಿಸಿ ಕಾಫಿ ಕುಡಿದವರನ್ನು ನೀವು ರಸಿಕರು ಅನ್ನುತ್ತಿದ್ದೀರಿ.

ಅಷ್ಟಕ್ಕೂ ಮುಗಿಯಲಿಲ್ಲ. ಜಪಾನ್‌ನಿಂದ, ಚೀನಾದಿಂದ ಬಂದ ಮೆರುಗೆಣ್ಣೆ ಪೆಟ್ಟಿಗೆ, ಮಡಚುವ ಮರದ ಪರದೆಗಳನ್ನು ಪ್ಯಾರಿಸ್‌ನ ವ್ಯಾಪಾರಿಗಳು ಗರಗಸ ಹಾಕಿ ಕೊಯ್ದು, ಆ ಹಲಗೆಯನ್ನು ತಮ್ಮ ಬೀರುಗಳಿಗೆ ಅಂಟಿಸಿ ಮಾರಿದರು. ಇನ್ನೊಬ್ಬರ ಕಲೆಯನ್ನು ಮೆಚ್ಚುವ ರೀತಿ ಇದಾ?

ಹಿತ್ತಲಗಿಡ
ಕೋತಿಗಳು ಅಣಕಿಸುತ್ತಿರುವುದು ಫ್ರೆಂಚರನ್ನೇ ಮೇಡಂ. ಬೇಟೆ ಆಡುವ ಕೋತಿ, ಚಿತ್ರ ಬರೆಯುವ ಕೋತಿ, ಎಲ್ಲ ಅಲ್ಲಿನ ಶ್ರೀಮಂತರ ಚಟಗಳೇ.

ಗರಗಸ
ನನ್ನ ಹೆಸರು ಕರೆದ ಹಾಗಾಯಿತು, ಬಂದೆ. ಹದಿನೈದು ವರ್ಷದಿಂದ ಹಳೇ ಪೀಠೋಪಕರಣ ರಿಪೇರಿಯೇ ನನ್ನ ಹೊಟ್ಟೆಪಾಡು. "ಗರಗಸ ಹಾಕಿ ಕೊಯ್ದು" ಅಂತ ಎಷ್ಟು ಸುಲಭಕ್ಕೆ ಬರೆದುಬಿಟ್ಟಿರಿ ಮಾರಾಯ್ರೆ. ಅದು ಸೌದೆ ಕೊಯ್ದ ಹಾಗಲ್ಲ. ಚೀನೀ ಪರದೆಯ ಹಲಗೆಗೆ ಎರಡೂ ಕಡೆ ಮೆರುಗು ಇರುತ್ತದೆ. ಅದನ್ನು ದಪ್ಪದ ನಡುವೆ ಸೀಳಿ ಎರಡು ಮುಖ ಬೇರೆ ಮಾಡಬೇಕು. ಆಮೇಲೆ ಹಿಂದಿನ ಮರವನ್ನು ಕೀಸುಳಿಯಲ್ಲಿ ಕೀಸುತ್ತಾ ಕೀಸುತ್ತಾ, ಮೆರುಗಿಗೆ ಅಂಟಿದ ತೆಳ್ಳನೆ ಚಕ್ಕೆ ಮಾತ್ರ ಉಳಿಯುವವರೆಗೂ ತರಬೇಕು. ಒಂದು ಏಟು ಜಾಸ್ತಿ ಬಿದ್ದರೆ ಚಿನ್ನದ ಚಿತ್ರ ಚೂರುಚೂರು. ಆಮೇಲೆ ಇನ್ನೂ ಕಷ್ಟ. 15ನೇ ಲೂಯಿ ಕಾಲದ ಬೀರುವಿನ ಮುಖ ಹೊಟ್ಟೆ ಉಬ್ಬಿದ ಹಾಗೆ ಬಾಗಿರುತ್ತದೆ. ನೆಟ್ಟಗಿರುವ ಹಲಗೆಯನ್ನು ಶಾಖ ಕೊಟ್ಟು ಆ ಬಾಗಿಗೆ ಕೂರಿಸಬೇಕು, ಮೆರುಗು ಬಿರುಕು ಬಿಡಬಾರದು. ಅಂಚು ಕೂಡುವ ಕಡೆ ಚಿನ್ನ ಲೇಪಿಸಿದ ಕಂಚಿನ ಪಟ್ಟಿ ಹೊಡೆದು ಮುಚ್ಚುತ್ತಿದ್ದರು. ಈಗಿನ ಯಂತ್ರ ಇಟ್ಟುಕೊಂಡೂ ನಾನು ಆ ಕೆಲಸಕ್ಕೆ ಕೈ ಹಾಕಲಾರೆ.

ಬರ್ನಾರ್ಡ್ ಫಾನ್ ರಿಸೆನ್‌ಬರ್ಗ್ ಅಂತ ಬಡಗಿ. 1737ರಲ್ಲಿ ರಾಣಿ ಮಾರೀ ಲೆಶ್ಚಿನ್ಸ್ಕಾಳ ಫಾಂಟೆನ್‌ಬ್ಲೋ ಅರಮನೆಗೆ ಅಂತ ಒಂದು ಖಾನೆ ಬೀರು ಮಾಡಿದ. ಎಬೇರ್ ಎಂಬ ವ್ಯಾಪಾರಿ ಸರಬರಾಜು ಮಾಡಿದ್ದು. ಮುಂದೆ ಜಪಾನೀ ಮೆರುಗಿನ ಹಲಗೆ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಇದೆ. ಒಮ್ಮೆ ನೋಡಿ, ಆಮೇಲೆ ಬೈಯಿರಿ.

ಕೆಂಪುಮಸಿ
"ಅದು ಸೌದೆ ಕೊಯ್ದ ಹಾಗಲ್ಲ" ಅಂದಿರಿ. ಸರಿ, ನಾಜೂಕಾಗಿ ಕೊಯ್ದರು. ಜೇಬುಗಳ್ಳನೂ ನಾಜೂಕಾಗಿಯೇ ಕೊಯ್ಯುತ್ತಾನೆ. ಕೈಚಳಕ ಇದ್ದ ಮಾತ್ರಕ್ಕೆ ಕೆಲಸ ಸರಿಯಾಗಿಬಿಡುತ್ತಾ?

ಗರಗಸ
ಜೇಬುಗಳ್ಳ ದುಡ್ಡು ಕೊಡುವುದಿಲ್ಲ ಮೇಡಂ. ಇವರು ಕೊಟ್ಟರು. ಡಚ್ಚರ ಕಂಪನಿ ನಾಗಸಾಕಿಯಲ್ಲಿ ಕೊಂಡದ್ದು, ಯುರೋಪಿಗೆ ತಂದು ಮಾರಿದ್ದು. ಕೊಂಡವನ ವಸ್ತು ಕೊಂಡವನದು.

ಸುಮ್ನಿರುಗುರು
ನಮ್ಮ ಮನೆಯಲ್ಲೂ ಅಜ್ಜಿಯ ರೇಷ್ಮೆ ಸೀರೆ ಕತ್ತರಿಸಿ ದಿಂಬಿನ ಕವರ್ ಹೊಲಿದಿದ್ದಾರೆ. ಕೊಂಡವರು ಅಜ್ಜಿ, ಕತ್ತರಿಸಿದವಳು ಅಕ್ಕ. ಕೇಸ್ ಯಾವ ಸೆಕ್ಷನ್‌ನಲ್ಲಿ ಹಾಕಲಿ ಮೇಡಂ?

ಕೆಂಪುಮಸಿ
"ಕೊಂಡವನ ವಸ್ತು ಕೊಂಡವನದು" ಅನ್ನುವ ತರ್ಕ ಇಟ್ಟುಕೊಂಡರೆ ನಾಳೆ ಯಾರೋ ಒಬ್ಬ ಚೋಳರ ಕಂಚಿನ ವಿಗ್ರಹ ಕೊಂಡು ಕರಗಿಸಿ ಬಾಗಿಲ ಹಿಡಿ ಮಾಡಿಸಿಕೊಳ್ಳಬಹುದು. ನೀವು ಹೋಗಿ ಹಿಡಿಯ ಪಾಲಿಶ್ ಹೊಗಳುತ್ತೀರಿ.

ಗರಗಸ
ವಿಗ್ರಹ ಎಲ್ಲಿ, ರಫ್ತಿಗೆ ಅಂತಲೇ ಮಾಡಿದ ಪೆಟ್ಟಿಗೆ ಎಲ್ಲಿ! ಅವುಗಳಲ್ಲಿ ಎಷ್ಟೋ ಪೆಟ್ಟಿಗೆ ಯುರೋಪಿನವರ ಆರ್ಡರ್‌ಗೆ ಅಂತಲೇ ಮಾಡಿದ್ದು. ಅಂಗಡಿ ಮಾಲು.

ಬೊಂಬೆಯೂರು
ನಮಸ್ಕಾರ ಎಲ್ಲರಿಗೂ. ಚನ್ನಪಟ್ಟಣದವನು. ನೀವೆಲ್ಲ ಮೆರುಗು ಮೆರುಗು ಅನ್ನುತ್ತಿರುವುದು ನಮ್ಮ ಅರಗು ತಾನೆ? ನಾವು ಬೊಂಬೆಗೆ ಹಚ್ಚುವುದೂ ಅದೇ. ಲೇತ್‌ನಲ್ಲಿ ಹಾಲೆಮರದ ತುಂಡು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿ ಹಿಡಿದು ಉಜ್ಜಿದರೆ ಕನ್ನಡಿ ಥರ ಹೊಳಪು. ಇಷ್ಟಕ್ಕೆ ಜಪಾನ್‌ವರೆಗೂ ಹೋಗಿ, ಪರದೆ ಸೀಳಿ, ಅಷ್ಟೆಲ್ಲ ರಂಪ ಯಾಕೆ ಬೇಕಿತ್ತು ಇವರಿಗೆ? ಇಂಡಿಯಾದಲ್ಲಿ ಇವರ ಪಾಂಡಿಚೇರಿ ಇತ್ತಲ್ಲ.

ಗರಗಸ
ಅಲ್ಲ ಅಣ್ಣ. ನಿಮ್ಮದು ಅರಗಿನ ಹುಳು ಕೊಟ್ಟದ್ದು. ಜಪಾನಿನದು ಒಂದು ಮರದ ಹಾಲು. ಆ ಮರ ನಮ್ಮ ಗೇರುಮರದ ಕುಟುಂಬದ್ದು. ಹಸಿ ಹಾಲು ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ಅರಗು ಬಿಸಿಗೆ ಮೆತ್ತಗಾಗುತ್ತದೆ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಆ ಹಾಲು ಒಮ್ಮೆ ಗಟ್ಟಿಯಾದರೆ ಸ್ಪಿರಿಟ್‌ಗೂ ಜಗ್ಗುವುದಿಲ್ಲ. ಅದು ಒಣಗುವುದೇ ತೇವದ ಗಾಳಿಯಲ್ಲಿ. ಬಿಸಿಲಿಗೆ ಇಟ್ಟರೆ ಕೆಲಸ ಕೆಟ್ಟಿತು. ಎರಡಕ್ಕೂ ಅಜಗಜಾಂತರ.

ಬೊಂಬೆಯೂರು
ಅಜಗಜಾಂತರ ಅಂದ್ರೆ? ನಮ್ಮದು ಅಜ, ಜಪಾನಿನದು ಗಜ, ಹಂಗಾ?

ಗರಗಸ
ಹಾಗೆಲ್ಲಿ ಹೇಳಿದೆ? ಬೇರೆ ಬೇರೆ ಅಂದೆ.

ಬೊಂಬೆಯೂರು
ಸ್ಪಿರಿಟ್‌ಗೆ ಕರಗುತ್ತದೆ, ಬಿಸಿಗೆ ಮೆತ್ತಗಾಗುತ್ತದೆ ಅಂತ ಬರೀ ದೋಷ ಎಣಿಸಿದಿರಿ. ಮಗು ಬಾಯಿಗೆ ಹಾಕಿಕೊಂಡರೂ ನಮ್ಮ ಬೊಂಬೆ ಏನೂ ಮಾಡುವುದಿಲ್ಲ. ನಿಮ್ಮ ಜಪಾನೀ ಹಾಲು ಮುಟ್ಟಿದರೆ ಬೊಕ್ಕೆ. ನೀವೇ ಬರೆದಿದ್ದು.

ಗರಗಸ
ಹಸಿ ಇದ್ದಾಗ ಮಾತ್ರ! ಒಣಗಿದ ಮೇಲೆ ಅದರಲ್ಲೇ ಅವರು ಊಟ ಮಾಡುತ್ತಾರೆ. ಬಟ್ಟಲು, ತಟ್ಟೆ ಎಲ್ಲ ಅದರದೇ.

ಊರುಬಿಟ್ಟವನು
ಪಗೋಡದ ಕಥೆ ಏನಾಯ್ತು?

ಕೆಂಪುಮಸಿ
ಬೊಂಬೆಯೂರು ಅವರು ಕೇಳಿದ್ದರಲ್ಲಿ ಒಂದು ಒಳ್ಳೆ ಪ್ರಶ್ನೆ ಇದೆ. ಆ ಹಾಲು ಫ್ರಾನ್ಸಿಗೆ ತರಲು ಆಗಲಿಲ್ಲ. ಮರವೂ ಅಲ್ಲಿ ಇರಲಿಲ್ಲ. ಆದ್ದರಿಂದ ನಕಲು ಮಾಡಿದರು. ಗಿಯೋಂ ಮಾರ್ಟಿನ್ ಮತ್ತು ಅವನ ಸಹೋದರರು. 1730ರಲ್ಲಿ ಅದಕ್ಕೆ ರಾಜನ ಕಡೆಯಿಂದ ಪರವಾನಗಿ ಸಿಕ್ಕಿತು, 1748ರಲ್ಲಿ ಅವರ ಕಾರ್ಖಾನೆಗೆ ರಾಜನ ಹೆಸರೂ ಸೇರಿತು. ಗಟ್ಟಿ ರಾಳ, ಎಣ್ಣೆ ಬೆರೆಸಿ ಕುದಿಸಿದ ವಾರ್ನಿಶ್. ಪದರದ ಮೇಲೆ ಪದರ. ಚೀನಾದ್ದು ಅಂತ ಕಾಣಬೇಕು, ಚೀನೀಯನಿಗೆ ಒಂದು ಕಾಸೂ ಹೋಗಬಾರದು. ಶಿನ್ವಾಜರಿಯ ಒಟ್ಟು ಹೂರಣವೇ ಇದು.

ಗರಗಸ
"ನಕಲು" ಅನ್ನೋ ಮಾತು ವಾಪಸ್ ತಗೊಳ್ಳಿ. 1742ರಲ್ಲಿ ಶ್ವಾಜಿ ಅರಮನೆಯಲ್ಲಿ 15ನೇ ಲೂಯಿಯ ಪ್ರೇಯಸಿ ಮಾದಾಂ ದ ಮಾಯಿಯ ನೀಲಿ ಕೋಣೆಗೆ ಅಂತ ಮಾಥ್ಯೂ ಕ್ರಿಯಾರ್ ಮಾಡಿದ ಬೀರುವನ್ನು ನೋಡಿದ್ದೀರಾ? ಬಿಳಿ ಮೈ ಮೇಲೆ ನೀಲಿ ಹಕ್ಕಿ, ನೀಲಿ ಹೂ. ಕಂಚಿನ ಪಟ್ಟಿಗೆ ಚಿನ್ನದ ಬದಲು ಬೆಳ್ಳಿ ಲೇಪ. ಅದಕ್ಕೆ ಹೊಂದುವ ಹಾಗೆ ಕೋಣೆಯ ರೇಷ್ಮೆಯೂ ನೀಲಿ ಬಿಳಿ. ಅಂಥ ಮೆರುಗಿನ ಬೀರು ಚೀನಾದಲ್ಲೂ ಇರಲಿಲ್ಲ, ಜಪಾನಿನಲ್ಲೂ ಇರಲಿಲ್ಲ. ಕಪ್ಪು ಮೆರುಗನ್ನೇ ಹೆಚ್ಚಾಗಿ ನೋಡಿದ್ದ ಜನರ ಮುಂದೆ ಪಿಂಗಾಣಿಯ ಬಣ್ಣವನ್ನು ಮರದ ಮೇಲೆ ತಂದರು. ಇಲ್ಲದ್ದನ್ನು ಯಾರಾದರೂ ನಕಲು ಮಾಡುತ್ತಾರಾ? ವೋಲ್ಟೇರ್ ಸುಮ್ನೆ ಹೇಳಲಿಲ್ಲ, ಮಾರ್ಟಿನ್ ಚೀನಾದ ಕಲೆಯನ್ನೂ ಮೀರಿಸಿದ ಅಂತ.

ಕೆಂಪುಮಸಿ
ವೋಲ್ಟೇರ್ ಹೇಳಿದ ಅಂತ ಕೈ ಮುಗಿಯಬೇಕಾ? ಆತ ಆ ಪದ್ಯದಲ್ಲಿ ಆಡಂಬರವನ್ನು ಪಟ್ಟಿ ಮಾಡುತ್ತಾ ಹೋಗುತ್ತಾನೆ. ಹಳೇ ಗೆಳತಿಗೆ ಸಿರಿ ಬಂದಿದೆ, ಮನೆ ತುಂಬ ಬೆಲೆಬಾಳುವ ವಸ್ತು, ಆದರೆ ಬಡತನದಲ್ಲಿದ್ದಾಗಿನ ಸುಖ ಇಲ್ಲ ಅನ್ನುವ ಧಾಟಿ. ಎರಡು ಸಾಲು ಕಿತ್ತುಕೊಂಡು ಬಂದು ಸರ್ಟಿಫಿಕೇಟ್ ಮಾಡಿಬಿಟ್ಟಿರಿ.

ಸುಮ್ನಿರುಗುರು
ಗರಗಸ ಅವರು ಪದ್ಯವನ್ನೂ ಸೀಳಿ ಮುಂದಿನ ಮುಖ ಮಾತ್ರ ಅಂಟಿಸಿದ್ದಾರೆ. ವೃತ್ತಿ ಧರ್ಮ.

ಗರಗಸ
ನಗಿ ನಗಿ. ಕೆಲಸ ಮಾಡುವವರ ಮಾತಿಗೆ ಈ ದೇಶದಲ್ಲಿ ಯಾವಾಗ ಬೆಲೆ ಇತ್ತು? ಕೀಸುಳಿ ಹಿಡಿದು ಗೊತ್ತಿಲ್ಲದವರು ಕೀಸುಳಿಯ ನೀತಿಶಾಸ್ತ್ರ ಬರೆಯುತ್ತಾರೆ.

ಕೆಂಪುಮಸಿ
ಈಗ ನನ್ನ ಕೈಯಲ್ಲಿ ಕೀಸುಳಿ ಇಲ್ಲ ಅನ್ನುವುದು ವಾದವಾ? ಅಡುಗೆ ಬಾರದವನಿಗೆ ಸಾರು ಹಳಸಿದೆ ಅಂತ ಗೊತ್ತಾಗುವುದಿಲ್ಲವಾ?

ಬೊಂಬೆಯೂರು
ಗರಗಸ ಅವರೆ, "ಕೆಲಸ ಮಾಡುವವರ ಮಾತು" ಅಂದಿರಿ. ನಾನೂ ಕೆಲಸ ಮಾಡುವವನೇ. ಮೂರು ತಲೆಮಾರಿನಿಂದ. ನನಗೆ ಅಜ ಗಜ ಅಂದಿರಿ. ಆಗ ಎಲ್ಲಿ ಹೋಗಿತ್ತು ಬೆಲೆ?

ಗರಗಸ
ಅಯ್ಯೋ ದೇವರೇ. ಅದೊಂದು ಮಾತಿನ ರೂಢಿ ಅಣ್ಣ!

ಬೊಂಬೆಯೂರು
ರೂಢಿಯಲ್ಲೇ ಎಲ್ಲ ಇರೋದು. ನಮ್ಮ ಕಸುಬಿಗೂ ದೊಡ್ಡವರ ಆಶ್ರಯ ಇತ್ತು ಅಂತ ತಿಳಿದುಕೊಳ್ಳಿ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಅಂತ ಹಿರಿಯರು ಹೇಳುತ್ತಾರೆ. ಆತ ಫ್ರಾನ್ಸಿಗೂ ರಾಯಭಾರಿಗಳನ್ನು ಕಳಿಸಿದ್ದ.

ಹಿತ್ತಲಗಿಡ
ರಾಯಭಾರಿಗಳ ಮಾತು ನಿಜ. ಮೂರು ಜನ. 1788ರ ಆಗಸ್ಟ್ 10ರಂದು ವರ್ಸೈನಲ್ಲಿ 16ನೇ ಲೂಯಿಯನ್ನು ಕಂಡರು. ಸೆವ್ರ ಪಿಂಗಾಣಿ ಕಾರ್ಖಾನೆಗೂ ಹೋದರು, ಅಲ್ಲಿನ ಪಿಂಗಾಣಿ ಉಡುಗೊರೆಯಾಗಿಯೂ ಬಂತು. ಟಿಪ್ಪು ಕೇಳಿದ ಪಟ್ಟಿಯಲ್ಲಿ ಕುಶಲಕರ್ಮಿಗಳ ಜೊತೆ ತೋಟಕ್ಕೆ ಬೇಕಾದ ಗಿಡ, ಬೀಜ ಕೂಡ ಇತ್ತು. ಅಂದರೆ ಮೈಸೂರಿನವರ ಕಣ್ಣಿಗೆ ಪಿಂಗಾಣಿ ಫ್ರೆಂಚರ ಸಾಮಾನು! ಎಂಥ ತಮಾಷೆ ನೋಡಿ.

ಕರಾವಳಿಕಾಗೆ
ಟಿಪ್ಪು ಅಂದ್ರಾ? ಹಾಗಾದರೆ ನಾನೂ ನಾಲ್ಕು ಮಾತು ಹೇಳಬೇಕು.

ನಿರ್ವಾಹಕ
ಬೇಡ. ಆ ವಿಷಯಕ್ಕೆ ಬೇರೆ ಎಳೆಗಳಿವೆ, ಎಲ್ಲಕ್ಕೂ ಬೀಗ ಬಿದ್ದಿದೆ. ಇಲ್ಲಿ 18ನೇ ಶತಮಾನದ ಫ್ರೆಂಚ್ ಅಲಂಕಾರ ಮಾತ್ರ.

ಕರಾವಳಿಕಾಗೆ
ಒಂದೇ ಮಾತು.

ನಿರ್ವಾಹಕ
ಅರ್ಧವೂ ಬೇಡ.

ಊರುಬಿಟ್ಟವನು
ಹಿತ್ತಲಗಿಡ ಅವರು ಪಿಂಗಾಣಿ ತೆಗೆದರಲ್ಲ, ಅದೇ ನನ್ನ ಪರ ಸಾಕ್ಷಿ. 14ನೇ ಲೂಯಿ 1670ರಲ್ಲಿ ವರ್ಸೈ ತೋಟದಲ್ಲಿ ಪ್ರೇಯಸಿಗೆ ಅಂತ ಪಿಂಗಾಣಿ ಮಹಲು ಕಟ್ಟಿಸಿದ. ಒಂದು ಚೂರು ಪಿಂಗಾಣಿ ಇರಲಿಲ್ಲ ಅದರಲ್ಲಿ. ಎಲ್ಲ ನೀಲಿ ಬಿಳಿ ಬಣ್ಣ ಹಾಕಿದ ಮಣ್ಣಿನ ಬಿಲ್ಲೆ. ಅಲ್ಲಿನ ಚಳಿಗೆ ಸೀಳಿತು, ಸೋರಿತು. 1687ರಲ್ಲಿ ಕೆಡವಿ ಅಮೃತಶಿಲೆಯಲ್ಲಿ ಇನ್ನೊಂದು ಕಟ್ಟಿದರು. ಹದಿನೇಳೇ ವರ್ಷ ಬಾಳಿದ ನಾಟಕದ ಸೆಟ್ಟು. ಅಲ್ಲಿಂದ ಶಾಂತೆಲೂವರೆಗೂ ಅದೇ ಚಾಳಿ.

ಹಿತ್ತಲಗಿಡ
"ಅದೇ ಚಾಳಿ" ಅಂತ ನೂರು ವರ್ಷವನ್ನು ಒಂದೇ ಗೋಣಿಗೆ ತುಂಬಬೇಡಿ ಸರ್. ಶಾಂತೆಲೂ ಕಲ್ಲಿನ ಗೋಪುರ, ಇನ್ನೂ ನಿಂತಿದೆ. ಪಕ್ಕದಲ್ಲಿದ್ದ ಶ್ವಾಜಲ್‌ನ ಅರಮನೆಯನ್ನೇ 1823ರಲ್ಲಿ ಒಡೆದು ಮಾರಿದರು. ಶೋಕಿ ಅಂದಿರಲ್ಲ, ಶೋಕಿಯೇ ಉಳಿಯಿತು, ಸಂಸಾರದ ಮನೆ ಹೋಯಿತು. ಲೀಲ್ ಆದಾಂ ಊರಿನ ಕಸಾಂ ಪಾರ್ಕಿನ ಚೀನೀ ಮಂಟಪವೂ ಹಾಗೆಯೇ. ಕೆಳಗೆ ಕಲ್ಲಿನ ಕಮಾನು, ಅದರಡಿ ಕೊಳದ ನೀರು. ಮೇಲೆ ಎಂಟು ಮೂಲೆಯ ಬಣ್ಣದ ಮರದ ಮಂಟಪ. 1780ರ ದಶಕದ್ದು, ರಿಪೇರಿ ಆಗಿ ಇವತ್ತಿಗೂ ಇದೆ.

ಊರುಬಿಟ್ಟವನು
ಉಳಿದದ್ದನ್ನೇ ಎಣಿಸಿದರೆ ಹೇಗೆ? ರೆಟ್ಜ್ ತೋಟದಲ್ಲಿ ಮೋಂವಿಲ್ ಕಟ್ಟಿಸಿದ ಚೀನೀ ಮನೆ ಎಲ್ಲಿ? ಮರದ್ದು, ಕುಸಿದು ಹೋಯಿತು. 16ನೇ ಲೂಯಿಯ ರಾಣಿ ಮಾರೀ ಆಂತ್ವಾನೆತ್ ವರ್ಸೈನ ಪುಟ್ಟ ತ್ರಿಯಾನೊಂ ಅರಮನೆ ಪಕ್ಕ 1776ರಲ್ಲಿ ಮಾಡಿಸಿದ ಚೀನೀ ತಿರುಗುಗಾಲಿ ಎಲ್ಲಿ? ಹೆಂಗಸರಿಗೆ ನವಿಲು, ಗಂಡಸರಿಗೆ ಡ್ರ್ಯಾಗನ್. ಕೂತು ತಿರುಗುತ್ತಾ ಉಂಗುರಕ್ಕೆ ಕೋಲು ಚುಚ್ಚುವ ಆಟ. ತಿರುಗಿಸುವ ಆಳುಗಳನ್ನು ನೆಲದಡಿ ಗುಂಡಿಯಲ್ಲಿ ಅಡಗಿಸಿದ್ದರು. ಮೇಲೆ ಚೀನಾ, ಕೆಳಗೆ ಬೆವರು. ಕಲೆ ಅಂತೆ!

ಸುಮ್ನಿರುಗುರು
ನಮ್ಮೂರ ಜಾತ್ರೆಯಲ್ಲಿ ತಿರುಗಿಸುವವನು ಕಣ್ಣೆದುರಿಗೇ ಇರುತ್ತಾನೆ. ಬೀಡಿ ಸೇದಿಕೊಂಡು. ಪಾರದರ್ಶಕ ಆಡಳಿತ.

ಕೆಂಪುಮಸಿ
ಆಳುಗಳ ಮಾತು ತೆಗೆದಿದ್ದಕ್ಕೆ ಸಂತೋಷ. ಆದರೆ ನಾನು ಕೇಳಿದ ಪ್ರಶ್ನೆ ಹಾಗೇ ಇದೆ. ಕೊಯ್ದದ್ದು ಸರಿಯಾ?

ಗರಗಸ
ನೂರು ಸಲ ಸರಿ. ಕೊಯ್ಯದಿದ್ದರೆ ಆ ಪರದೆಗಳ ಗತಿ ಏನಾಗುತ್ತಿತ್ತು? ಫ್ಯಾಶನ್ ಮುಗಿದ ಮೇಲೆ ಅಟ್ಟ ಸೇರುತ್ತಿದ್ದವು, ಗೆದ್ದಲು ತಿನ್ನುತ್ತಿತ್ತು. ಬೀರುವಿಗೆ ಅಂಟಿದ್ದರಿಂದ ಮ್ಯೂಸಿಯಂ ಸೇರಿ ಉಳಿದವು.

ಕೆಂಪುಮಸಿ
"ಕೊಯ್ಯದಿದ್ದರೆ ಉಳಿಯುತ್ತಿರಲಿಲ್ಲ." ಈ ಸಾಲನ್ನು ಫ್ರೇಮ್ ಹಾಕಿಸಿ ಇಟ್ಟುಕೊಳ್ಳುತ್ತೇನೆ.

ಗರಗಸ
ಹಾಕಿಸಿ. ಫ್ರೇಮ್ ಬೇಕಾದರೆ ನನಗೇ ಆರ್ಡರ್ ಕೊಡಿ, ಸಾಗುವಾನಿಯಲ್ಲಿ ಮಾಡಿಕೊಡುತ್ತೇನೆ. ಮುಂಗಡ ಅರ್ಧ.

ಹಿತ್ತಲಗಿಡ
ನನಗೆ ಒಂದು ಹೇಳಲು ಬಿಡಿ. ಇದು ಒಂದೇ ಕಡೆಯ ರಸ್ತೆ ಅಂತ ಮೇಡಂ ತಿಳಿದಂತಿದೆ. ಬೂಶೆ ಎಂಬ ಚಿತ್ರಕಾರ, ಚೀನಾ ಕಂಡವನಲ್ಲ. ಚೀನೀ ತೋಟ, ಮೀನು ಹಿಡಿಯುವುದು, ಸಂತೆ, ಹೀಗೆ ಬಣ್ಣದ ಕರಡು ಮಾಡಿ 1742ರಲ್ಲಿ ಪ್ಯಾರಿಸ್‌ನ ಸಲೋಂ ಪ್ರದರ್ಶನದಲ್ಲಿ ಇಟ್ಟ. ಬೋವೆ ಕಾರ್ಖಾನೆ ಅದನ್ನು ಗೋಡೆಗೆ ಹಾಕುವ ನೇಯ್ಗೆ ಪರದೆಗಳಾಗಿ ಮಾಡಿತು. ಅದರ ಒಂದು ಸೆಟ್ಟನ್ನು 1760ರ ದಶಕದಲ್ಲಿ 15ನೇ ಲೂಯಿ ಯಾರಿಗೆ ಕಳಿಸಿದ ಗೊತ್ತಾ? ಚಿಯಾನ್‌ಲಾಂಗ್‌ಗೇ! ಫ್ರೆಂಚರು ಊಹಿಸಿದ ಚೀನಾ ಚೀನಾದ ಚಕ್ರವರ್ತಿಯ ಸಂಗ್ರಹಕ್ಕೆ ಸೇರಿತು.

ಅದೇ ಚಿಯಾನ್‌ಲಾಂಗ್ 1747ರ ಹೊತ್ತಿಗೆ ತನ್ನ ತೋಟದ ಒಂದು ಮೂಲೆಯಲ್ಲಿ ಯುರೋಪಿಯನ್ ಅರಮನೆ ಕಟ್ಟಿಸಲು ಶುರುಮಾಡಿದ್ದ. ನಕ್ಷೆ ಇಟಲಿಯ ಮಿಷನರಿ ಕಾಸ್ಟಿಲಿಯೋನೆಯದು, ಕಾರಂಜಿ ಫ್ರೆಂಚ್ ಪಾದ್ರಿ ಬೆನ್ವಾನದು. ರೋಮನ್ ಕಂಬದ ಮೇಲೆ ಚೀನೀ ಹೆಂಚು. ಕಾರಂಜಿಯ ಸುತ್ತ ಹನ್ನೆರಡು ಪ್ರಾಣಿ ತಲೆಗಳು, ಹೊತ್ತಿಗೆ ಸರಿಯಾಗಿ ಒಂದೊಂದೇ ನೀರು ಉಗುಳುತ್ತಿದ್ದವು. ಅವನದೂ ಶೋಕಿಯೇ. ಅವನ ನಾಟಕಕ್ಕೆ ಏನನ್ನುತ್ತೀರಿ?

ಕೆಂಪುಮಸಿ
"ಒಂದೇ ಕಡೆಯ ರಸ್ತೆ" ಅಲ್ಲ ಅಂದಿರಿ. 1860ರಲ್ಲಿ ಆ ಅರಮನೆಯನ್ನು ಸುಟ್ಟವರು ಯಾರು? ಬ್ರಿಟಿಷರೂ ಫ್ರೆಂಚರೂ ಸೇರಿ ಲೂಟಿ ಮಾಡಿದರು, ಆಮೇಲೆ ಬ್ರಿಟಿಷರು ಬೆಂಕಿ ಇಟ್ಟರು. ಆ ರಸ್ತೆಯಲ್ಲಿ ಚೀನೀ ಸೈನ್ಯ ವರ್ಸೈಗೆ ಬಂದಿತ್ತಾ?

ಹಿತ್ತಲಗಿಡ
ನಾನು 18ನೇ ಶತಮಾನ ಹೇಳಿದರೆ ನೀವು 19ಕ್ಕೆ ಹಾರಿದಿರಿ. ಬೂಶೆ ಸತ್ತು ತೊಂಬತ್ತು ವರ್ಷ ಆಗಿತ್ತು ಆಗ.

ಕೆಂಪುಮಸಿ
ಕೋತಿ ಬರೆದ ಕೈ ಸತ್ತಿತ್ತು. ಕೋತಿಯಂತೆ ನೋಡುವ ಕಣ್ಣು ಸತ್ತಿರಲಿಲ್ಲ.

ಹಿತ್ತಲಗಿಡ
ಇದು ಭಾಷಣ. ಚರ್ಚೆ ಅಲ್ಲ. ನಕ್ಷೆಗಾರ ಲ ರೂಜ್ 1776ರಿಂದ 1789ರವರೆಗೆ 21 ಕಂತುಗಳಲ್ಲಿ ತೋಟಗಳ ನಕ್ಷೆ ಅಚ್ಚು ಹಾಕಿದ. ಇಂಗ್ಲಿಷ್ ತೋಟ ಅನ್ನುವುದೆಲ್ಲ ಚೀನಾದ ತೋಟದ ಅನುಕರಣೆ ಅಷ್ಟೇ ಅಂತ ಅದರಲ್ಲಿ ಬಹಿರಂಗವಾಗಿ ಬರೆದ. ಚೀನಾವನ್ನು ಕೀಳಾಗಿ ಕಂಡವನು ಹೀಗೆ ಬರೆಯುತ್ತಾನಾ?

ಊರುಬಿಟ್ಟವನು
ಬರೆಯುತ್ತಾನೆ, ಇಂಗ್ಲಿಷರ ಹೊಟ್ಟೆ ಉರಿಸಲು! ಚೀನಾದ ಮೇಲಿನ ಪ್ರೀತಿಗಲ್ಲ. ತೋಟದ ಕೀರ್ತಿ ಪಕ್ಕದ ಮನೆಯವನಿಗೆ ಹೋಗಬಾರದು, ದೂರದ ಮನೆಗೆ ಹೋದರೆ ಚಿಂತೆಯಿಲ್ಲ. ನಮ್ಮ ಕಡೆ ದಾಯಾದಿಗಳು ಮಾಡುವುದೂ ಇದನ್ನೇ.

ಬೊಂಬೆಯೂರು
ನಂಗೆ ಇನ್ನೂ ಉತ್ತರ ಬಂದಿಲ್ಲ. ಅವರ ಕೋಣೆಗಳಿಗೆ ಅರಗು ಹಚ್ಚಿದ್ದರೆ ಏನು ಕೆಡುತ್ತಿತ್ತು?

ಗರಗಸ
ಹಚ್ಚಿಯೂ ಹಚ್ಚಿದ್ದಾರೆ ಅಣ್ಣ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ವಾರ್ನಿಶ್ ಯುರೋಪಿನಲ್ಲಿ ಆಗ ಧಾರಾಳವಾಗಿ ಬಳಕೆಯಲ್ಲಿತ್ತು. ಅರಗು ಹೋಗುತ್ತಿದ್ದುದು ನಮ್ಮ ಕಡೆಯಿಂದಲೇ. ಸಮಾಧಾನ ಆಯ್ತಾ?

ಬೊಂಬೆಯೂರು
ಇದನ್ನು ಮೊದಲೇ ಹೇಳಬಹುದಿತ್ತು. ಅಜಗಜ ಮಾತ್ರ ಮರೆಯುವುದಿಲ್ಲ.

ಕೆಂಪುಮಸಿ
ಗರಗಸ ಅವರಿಗೆ ಕೊನೆಯದೊಂದು. ಆಸ್ಟ್ರಿಯಾದ ಮಾರಿಯಾ ತೆರೇಸಾ 1780ರಲ್ಲಿ ತೀರಿಕೊಂಡಾಗ ಮಗಳು ಮಾರೀ ಆಂತ್ವಾನೆತ್‌ಗೆ ತನ್ನ ಜಪಾನೀ ಮೆರುಗು ಡಬ್ಬಿಗಳ ಸಂಗ್ರಹ ಬಿಟ್ಟು ಹೋದಳು. ಮಗಳು ಅವುಗಳ ಜೊತೆ ಇನ್ನಷ್ಟು ಸೇರಿಸಿ, ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಒಂದನ್ನೂ ಕೊಯ್ಯಲಿಲ್ಲ. ಪೂರ್ತಿ ಇದ್ದರೂ ಉಳಿಯುತ್ತದೆ ಅನ್ನುವುದಕ್ಕೆ ಇದೇ ಪುರಾವೆ, ಇವತ್ತಿಗೂ ಫ್ರಾನ್ಸಿನ ಮ್ಯೂಸಿಯಂಗಳಲ್ಲಿವೆ. ನಿಮ್ಮ ಗೆದ್ದಲು ಎಲ್ಲಿ ಹೋಗಿತ್ತು?

ಗರಗಸ
ಅದೇ ರಾಣಿ 1783ರಲ್ಲಿ ರೀಸೆನರ್ ಎಂಬ ಬಡಗಿಯ ಹತ್ತಿರ ಒಂದು ಬರೆಯುವ ಮೇಜು, ಒಂದು ಖಾನೆ ಬೀರು ಮಾಡಿಸಿದಳು. ಎರಡರ ಮುಖಕ್ಕೂ ಕೊಯ್ದ ಜಪಾನೀ ಹಲಗೆಯೇ. ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿವೆ. ಅಮ್ಮನ ಡಬ್ಬಿ ಮುಟ್ಟಲಿಲ್ಲ, ಬಜಾರಿನ ಪೆಟ್ಟಿಗೆ ಕೊಯ್ಸಿದಳು. ಎರಡಕ್ಕೂ ವ್ಯತ್ಯಾಸ ಅವಳಿಗೆ ಗೊತ್ತಿತ್ತು. ನಿಮಗೇ ಗೊತ್ತಿಲ್ಲ.

ಕೆಂಪುಮಸಿ
"ಬಜಾರಿನ ಪೆಟ್ಟಿಗೆ"! ನೋಡಿದಿರಾ, ಬಾಯಿಂದ ಬಂತು. ಇದಕ್ಕೆ ಸರಿಯಾಗಿ ಉತ್ತರ ಇದೆ. ಕುಕ್ಕರ್ ಕೂಗ್ತಿದೆ, ಊಟ ಮುಗಿಸಿ ಬರುತ್ತೇನೆ, ಎಲ್ಲೂ ಹೋಗಬೇಡಿ.

ಗರಗಸ
ಇಲ್ಲೇ ಇರ್ತೇನೆ.

ಕರಾವಳಿಕಾಗೆ
ಅವರು ಬರುವಷ್ಟರಲ್ಲಿ ಟಿಪ್ಪು ಬಗ್ಗೆ ಒಂದು ಸಣ್ಣ ಮಾತು...

ನಿರ್ವಾಹಕ
ಎಳೆಗೆ ನಾಳೆ ಬೆಳಗ್ಗೆವರೆಗೆ ಬೀಗ.